ಸೆಕೆಂಡ್ ಹ್ಯಾಂಡ್ ಫೋರ್‌ವೀಲ್ ಡ್ರೈವ್: ಹಳೇ ಜಿಪ್ಸಿಯೋ, ಹೊಸ ಥಾರೋ?

ಮಳೆಗಾಲ ಹತ್ತಿರವಾದಂತೆಲ್ಲ ಓದುಗರಿಂದ ಒಂದೇ ಪ್ರಶ್ನೆ: "ಇರುವ ದುಡ್ಡಲ್ಲಿ ಒಳ್ಳೇ ಹಳೇ ಜಿಪ್ಸಿ ತಗೊಳ್ಳಲಾ, ಇಲ್ಲಾ ಇನ್ನೊಂದಿಷ್ಟು ಸಾಲ ಮಾಡಿ 2021ರ ಥಾರ್‌ಗೆ ಹೋಗಲಾ?" ಎರಡು ವಿಷಯ ಗೊತ್ತಾಗದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಕೆಸರು ಸಿಗುವ ಮೊದಲು ನೀವು ಎಷ್ಟು ಕಿಲೋಮೀಟರ್ ಟಾರು ರಸ್ತೆ ಓಡಿಸಬೇಕು? ಗಾಡಿ ಕೆಟ್ಟರೆ ಅದನ್ನು ಬಿಚ್ಚುವವರು ಯಾರು? ಮಾಡೆಲ್ ಯಾವ ವರ್ಷದ್ದು ಎಂಬುದು ಆಮೇಲಿನ ಮಾತು.

ಮೊದಲು ನಾಲ್ಕು ಪದ ತಿಳಿದುಕೊಳ್ಳಿ, ಮುಂದೆ ಪದೇಪದೇ ಬರುತ್ತವೆ.

ಟ್ರಾನ್ಸ್‌ಫರ್ ಕೇಸ್: ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ. ಚಿಕ್ಕ ಎರಡನೇ ಲಿವರ್ ಇದರದ್ದು.

ಲೋ ರೇಂಜ್: ಇದೇ ಪೆಟ್ಟಿಗೆಯೊಳಗಿನ ಇನ್ನೊಂದು ಜೋಡಿ ಗೇರು. ವೇಗ ಇಳಿಯುತ್ತದೆ, ಎಳೆಯುವ ಶಕ್ತಿ ಹೆಚ್ಚುತ್ತದೆ. ಲೋ ರೇಂಜ್ ಇಲ್ಲದ ಆಲ್‌ವೀಲ್ ಡ್ರೈವ್ ಕಾರುಗಳಿಗೂ ಈ ಲೇಖನಕ್ಕೂ ಸಂಬಂಧವಿಲ್ಲ.

ಪಾರ್ಟ್ ಟೈಮ್ ಫೋರ್‌ವೀಲ್: ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡು ಕಡೆಯೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು, ಆದರೆ ಎರಡೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಜಾರುವ ನೆಲದಲ್ಲಿ ಟಯರು ಸ್ವಲ್ಪ ಜಾರಿ ಆ ವ್ಯತ್ಯಾಸ ತೀರುತ್ತದೆ. ಒಣ ಟಾರಿನಲ್ಲಿ ಜಾರಲು ಆಗದೆ ಗೇರು, ಚೈನು, ಶಾಫ್ಟ್‌ಗಳ ಮೇಲೆ ಬಿಗಿತ ಕೂಡುತ್ತದೆ. ಜಿಪ್ಸಿ, ಹಳೇ ಮಹೀಂದ್ರ ಜೀಪು, ಥಾರ್, ಜಿಮ್ನಿ ಎಲ್ಲವೂ ಪಾರ್ಟ್ ಟೈಮ್ ಗಾಡಿಗಳೇ.

ಡಿಫರೆನ್ಷಿಯಲ್ ಲಾಕ್: ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತ ಇನ್ನೊಂದು ಸುಮ್ಮನೆ ನಿಲ್ಲದಂತೆ, ಒಂದೇ ಆಕ್ಸಲ್‌ನ ಎರಡು ಚಕ್ರಗಳನ್ನೂ ಒಟ್ಟಿಗೆ ತಿರುಗಿಸುವ ಬೀಗ.

1. ನಿಮ್ಮ ಓಡಾಟದ ಲೆಕ್ಕ ಹಾಕಿ

ಬೆಂಗಳೂರಿನಲ್ಲಿದ್ದು ತಿಂಗಳಿಗೊಮ್ಮೆ ಸಕಲೇಶಪುರದ ಕಡೆ ಹೋಗುವವರು ಒಂದು ದಿಕ್ಕಿಗೆ 200 ಕಿ.ಮೀ.ಗೂ ಹೆಚ್ಚು ಹೆದ್ದಾರಿ ಓಡಿಸುತ್ತಾರೆ, ಕೊನೆಯ ಕೆಲವೇ ಕಿಲೋಮೀಟರ್ ಕಚ್ಚಾ ರಸ್ತೆ. ಇವರಿಗೆ ಬೇಕಿರುವುದು ಒಳ್ಳೇ ಬ್ರೇಕು, ಎಸಿ, 90ರ ವೇಗದಲ್ಲಿ ನಡುಗದ ಸ್ಟೀರಿಂಗ್. ಇಂಥವರಿಗೆ 2020ರ ನಂತರದ ಗಾಡಿಯೇ ಸರಿ.

ಮೂಡಿಗೆರೆಯಲ್ಲೋ ಸೋಮವಾರಪೇಟೆಯಲ್ಲೋ ತೋಟದಲ್ಲೇ ಇದ್ದು, ದಿನಾ ಗೊಬ್ಬರದ ಚೀಲ, ಸ್ಪ್ರೇಯರ್, ನಾಲ್ಕು ಆಳು ಹಾಕಿಕೊಂಡು ಇಳಿಜಾರಿನಲ್ಲಿ ಓಡಾಡುವವರ ಲೆಕ್ಕ ಬೇರೆ. ಹಗುರವಾದ, ಬಾಗಿಲಿಗೆ ಗೀರು ಬಿದ್ದರೆ ಬೇಜಾರಾಗದ, ಊರಿನ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಬಹುದಾದ ಹಳೇ ಗಾಡಿ ಅವರಿಗೆ ಲಾಭ. ಪಟ್ಟಣದಲ್ಲಿದ್ದೂ ಹಳೇದೇ ಬೇಕು ಎನ್ನುವವರು ಅದನ್ನು ಎರಡನೇ ಗಾಡಿಯಾಗಿ ಇಟ್ಟುಕೊಳ್ಳಿ. ಮನೆಗಿರುವ ಒಂದೇ ಗಾಡಿ ಹಳೇ ಜೀಪಾದರೆ, ಮೊದಲ ಆರು ತಿಂಗಳಲ್ಲೇ ಮಾರಾಟದ ಜಾಹೀರಾತು ಹಾಕುತ್ತೀರಿ.

2. ಯಾವ ಕಾಲದ ಗಾಡಿ ಏನು ಕೊಡುತ್ತದೆ

ಮಾರುಕಟ್ಟೆಯಲ್ಲಿ ಸಿಗುವುದನ್ನು ಮೂರು ಕಾಲವಾಗಿ ನೋಡಿ.

ಮೊದಲನೆಯದು ಪೂರ್ತಿ ಯಂತ್ರದ ಕಾಲ: ಮಹೀಂದ್ರದ ಎಂಎಂ540, ಎಂಎಂ550 ಜೀಪುಗಳು ಮತ್ತು ಕಾರ್ಬ್ಯುರೇಟರ್ ಜಿಪ್ಸಿ. ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂತು, 1990ರ ದಶಕದ ಮಧ್ಯದಲ್ಲಿ 1.3 ಲೀಟರ್ ಆಯಿತು. ಇವುಗಳಲ್ಲಿ ಕೆಡಲು ಕಂಪ್ಯೂಟರೇ ಇಲ್ಲ. ಆದರೆ ಬಂಕ್‌ಗಳಲ್ಲಿ ಈಗ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಪೈಪು, ಕಾರ್ಬ್ಯುರೇಟರಿನ ಡಯಾಫ್ರಮ್, ಗ್ಯಾಸ್ಕೆಟ್‌ಗಳನ್ನು ಅದು ಊದಿಸುತ್ತದೆ, ಇಲ್ಲವೇ ಬಿರುಕು ಬಿಡಿಸುತ್ತದೆ. ಇಂಥ ಜಿಪ್ಸಿ ಕೊಂಡರೆ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸುವುದು ಮೊದಲ ಕೆಲಸ.

ಎರಡನೆಯದು ನಡುಗಾಲ: 2000ದಿಂದ ಸುಮಾರು 2018ರವರೆಗಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಜಿಪ್ಸಿ, 2010ರಲ್ಲಿ ಬಂದ ಥಾರ್ ಸಿಆರ್‌ಡಿಇ (ಕಾಮನ್ ರೇಲ್ ಡೀಸೆಲ್), ಹಳೇ ಫೋರ್ಸ್ ಗುರ್ಖಾ. ನಮ್ಮ ಮಟ್ಟಿಗೆ ಹಳೇದು ಬೇಕೆನ್ನುವವರು ಇಲ್ಲೇ ಹುಡುಕಬೇಕು. ಎಂಪಿಎಫ್‌ಐ ಜಿಪ್ಸಿ 80 ಅಶ್ವಶಕ್ತಿಯದು, ತೂಕ ಹೆಚ್ಚೂಕಡಿಮೆ ಒಂದೇ ಟನ್. ಭಾರದ ಗಾಡಿ ಹೂತುಕೊಳ್ಳುವ ಕೆಸರಿನ ಮೇಲೆ ಇದು ತೇಲಿಕೊಂಡು ಹೋಗುವುದು ಈ ತೂಕದಿಂದಲೇ. ಮೈಲೇಜು 10ರ ಆಸುಪಾಸು, ಟ್ಯಾಂಕು 40 ಲೀಟರ್, ಹಿಂದಿನ ಸೀಟು ಅಡ್ಡಡ್ಡ, ಏರ್‌ಬ್ಯಾಗ್ ಇಲ್ಲ. ಥಾರ್ ಸಿಆರ್‌ಡಿಇ 2.5 ಲೀಟರ್ ಡೀಸೆಲ್, 105 ಅಶ್ವಶಕ್ತಿ. ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್, ಅಂದರೆ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗ್. ಅದೇ ಕಾಲದ ಥಾರ್ ಡಿಐ ಬೇರೆ ಗಾಡಿ: 63 ಅಶ್ವಶಕ್ತಿಯ ಎಂಜಿನ್. ಎರಡಕ್ಕೂ ಮೈಕಟ್ಟು ಹೆಚ್ಚೂಕಡಿಮೆ ಒಂದೇ, ಹಾಗಾಗಿ ಜಾಹೀರಾತಿನಲ್ಲಿ ಬರೀ "ಥಾರ್ 2013" ಎಂದಿದ್ದರೆ ಯಾವುದು ಎಂದು ಕೇಳಿ. ಗುರ್ಖಾದ ದೊಡ್ಡ ಗುಣ ಮುಂದೆ ಹಿಂದೆ ಎರಡೂ ಕಡೆ ಕಂಪನಿಯೇ ಕೊಟ್ಟ ಡಿಫರೆನ್ಷಿಯಲ್ ಲಾಕ್; ಬಿಡಿಭಾಗಕ್ಕೆ ಕಾಯುವ ತಾಳ್ಮೆ ಮಾತ್ರ ಬೇಕು.

ಮೂರನೆಯದು 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್ ಮತ್ತು 2023ರ ಜಿಮ್ನಿ. ಥಾರ್‌ಗೆ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಕಂಪನಿ ಹೇಳುವ ಪ್ರಕಾರ 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು, ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ 4 ಸ್ಟಾರ್. ತೂಕ ಮಾತ್ರ ಜಿಪ್ಸಿಗಿಂತ ಬಹಳ ಹೆಚ್ಚು. ಸುಮಾರು 1.2 ಟನ್‌ನ ಜಿಮ್ನಿ ಹಳೇ ಜಿಪ್ಸಿಯ ಗುಣಕ್ಕೆ ಹತ್ತಿರ, 1.5 ಲೀಟರ್ ಪೆಟ್ರೋಲ್ ಎಂಜಿನ್.

ಇಲ್ಲೊಂದು ಗುಂಡಿ ಇದೆ. 2023ರ ಜನವರಿಯಿಂದ ಥಾರ್ ಬರೀ ಹಿಂದಿನ ಚಕ್ರದ ಡ್ರೈವ್‌ನಲ್ಲೂ ಮಾರಾಟವಾಗುತ್ತಿದೆ. ಹೊರಗಿನಿಂದ ಗುರುತು ಸಿಗುವುದು ಕಷ್ಟ. ಡೀಸೆಲ್ ಎಂಜಿನ್ 1.5 ಲೀಟರ್ ಇದ್ದರೆ ಅದು ಫೋರ್‌ವೀಲ್ ಅಲ್ಲ. ಗೇರಿನ ಪಕ್ಕ ಎರಡನೇ ಲಿವರ್ ಇದೆಯೇ ಎಂದು ಫೋಟೊದಲ್ಲೇ ನೋಡಿ, ಇಲ್ಲದಿದ್ದರೆ ಅಷ್ಟು ದೂರ ಹೋಗಲೇಬೇಡಿ.

3. ಗಾಡಿ ನೋಡುವ ಮೊದಲು ಕಾಗದ ನೋಡಿ

ಹಳೇ ಫೋರ್‌ವೀಲ್ ವ್ಯವಹಾರದಲ್ಲಿ ದುಡ್ಡು ಮುಳುಗುವುದು ಎಂಜಿನ್‌ನಿಂದಲ್ಲ, ಆರ್‌ಸಿಯಿಂದ. ನಂಬರ್ ಪಡೆದು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಷ್ಟನೇ ಓನರ್, ಸಾಲ ಬಾಕಿ ಇದೆಯೇ, ಫಿಟ್‌ನೆಸ್ ಮತ್ತು ಇನ್ಶೂರೆನ್ಸ್ ಎಲ್ಲಿಯವರೆಗೆ, ಇಂಧನ ಯಾವುದು ಎಂಬುದೆಲ್ಲ ಬರುತ್ತದೆ. ಚಲನ್ ಬಾಕಿಯನ್ನೂ ನೋಡಿಬಿಡಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು, ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ಆಗಿದೆ. 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಮತ್ತೆ ಏರಿದೆ. ತಡಮಾಡಿದರೆ ತಿಂಗಳಿಗೆ ದಂಡ, ಜೊತೆಗೆ ಹಸಿರು ತೆರಿಗೆ. "ಎಫ್‌ಸಿ ಮುಗಿದಿದೆ ಸಾರ್, ನೀವೇ ಮಾಡಿಸ್ಕೊಳ್ಳಿ, ಸಣ್ಣ ಕೆಲಸ" ಎಂದರೆ ಒಪ್ಪಬೇಡಿ. ಸಣ್ಣ ಕೆಲಸವಾಗಿದ್ದರೆ ಅವರೇ ಮಾಡಿಸಿ ಹೆಚ್ಚು ಬೆಲೆಗೆ ಮಾರುತ್ತಿದ್ದರು.

ಆಮೇಲೆ ಮಾರ್ಪಾಡು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಣೆಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಮುಂದಿನ ಬುಲ್‌ಬಾರ್‌ಗೂ 2017ರಿಂದ ನಿಷೇಧವಿದೆ. ಹಳೇ ಜೀಪುಗಳಲ್ಲಿ ಪ್ಯೂಜೊ ಎಂಜಿನ್ ಕಿತ್ತು ಬೊಲೆರೊದ ಎಂಜಿನ್ ಕೂರಿಸುವುದು, ಟೂವೀಲ್ ಜೀಪಿಗೆ ಗುಜರಿಯ ಮುಂದಿನ ಆಕ್ಸಲ್ ಹಾಕಿ ಫೋರ್‌ವೀಲ್ ಮಾಡುವುದು ಮಾಮೂಲು. ಆರ್‌ಸಿಯಲ್ಲಿ ಇದು ದಾಖಲಾಗಿಲ್ಲದಿದ್ದರೆ ಮುಂದಿನ ನವೀಕರಣಕ್ಕೆ ಆರ್‌ಟಿಒ ಅಂಗಳದಲ್ಲೇ ಗಾಡಿ ನಿಲ್ಲುತ್ತದೆ. ಎಂಜಿನ್ ಬ್ಲಾಕಿನ ನಂಬರನ್ನೂ ಚಾಸಿಯ ನಂಬರನ್ನೂ ಟಾರ್ಚ್ ಹಿಡಿದು, ಬಟ್ಟೆಯಲ್ಲಿ ಒರೆಸಿ, ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಚಾಸಿ ನಂಬರಿನ ಸುತ್ತ ಗ್ರೈಂಡರ್ ಗುರುತು, ವೆಲ್ಡಿಂಗ್, ಅಂಕಿಗಳ ನಡುವೆ ಏರುಪೇರಾದ ಅಂತರ ಕಂಡರೆ ಅಲ್ಲಿಂದಲೇ ಹೊರಡಿ. ಮಿಲಿಟರಿ ಹರಾಜಿನಿಂದ ಬಂದ ಜಿಪ್ಸಿಗಳಲ್ಲಿ ನೋಂದಣಿ ವರ್ಷಕ್ಕೂ ತಯಾರಾದ ವರ್ಷಕ್ಕೂ ದೊಡ್ಡ ಅಂತರವಿರುತ್ತದೆ. ಬೆಲೆ ಕಟ್ಟುವಾಗ ತಯಾರಾದ ವರ್ಷವನ್ನೇ ಹಿಡಿಯಿರಿ, ಹರಾಜಿನ ಮೂಲ ಕಾಗದ ಕೇಳಿ.

ದೆಹಲಿ ನೋಂದಣಿಯ ಡೀಸೆಲ್ ಗಾಡಿ ಅಗ್ಗವಾಗಿ ಕಾಣುತ್ತದೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದ ಭಯದಿಂದ ಮಾರುತ್ತಾರೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಅಂದರೆ ಫಾರ್ಮ್ 28, ಇಲ್ಲಿ ಮರುನೋಂದಣಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಸಾಗಾಟದ ಖರ್ಚು ಎಲ್ಲ ಕೂಡಿಸಿ ನೋಡಿದರೆ ಉಳಿತಾಯ ಬಹುಪಾಲು ಕರಗಿರುತ್ತದೆ. ತೆರಿಗೆ ಎಷ್ಟಾಗುತ್ತದೆಂದು ನಿಮ್ಮ ಆರ್‌ಟಿಒದಲ್ಲಿ ವಿಚಾರಿಸದೆ ಅಡ್ವಾನ್ಸ್ ಕೊಡಬೇಡಿ.

4. ಗಾಡಿಯ ಕೆಳಗೆ ಮಲಗಿ

ಒಂದು ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ, ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಒಯ್ಯಿರಿ. ಗಾಡಿ ತೊಳೆಸಿಡಬೇಡಿ ಎಂದು ಮೊದಲೇ ಹೇಳಿ. ತೊಳೆದರೆ ಆಯಿಲ್ ಸೋರಿದ ಗುರುತು ಹೋಗುತ್ತದೆ.

ಹಳೇ ಗಾಡಿಯ ಶತ್ರು ತುಕ್ಕು. ಎಂಜಿನ್ ಬದಲಿಸಬಹುದು, ಕೊಳೆತ ಚಾಸಿಯನ್ನು ಉಳಿಸುವುದು ಕಷ್ಟ. ಕುಂದಾಪುರ, ಉಡುಪಿ, ಮಂಗಳೂರಿನ ಕಡೆ ಓಡಿದ ಗಾಡಿಗೆ ಉಪ್ಪುಗಾಳಿ, ಮಲೆನಾಡಿನದಕ್ಕೆ ತಿಂಗಳುಗಟ್ಟಲೆ ಒಣಗದ ಕೆಸರು. ಜಿಪ್ಸಿಯಲ್ಲಿ ನೋಡಬೇಕಾದ ಜಾಗಗಳು: ಹಿಂದಿನ ಸ್ಪ್ರಿಂಗಿನ ಶ್ಯಾಕಲ್ ಕೂರುವ ಜಾಗ, ಮುಂದಿನ ಚಕ್ರದ ಹಿಂದೆ ಚಾಸಿ ಬಾಗುವಲ್ಲಿ, ಬಾಡಿ ಚಾಸಿಗೆ ಕೂರುವ ರಬ್ಬರ್ ಮೌಂಟುಗಳ ಸುತ್ತ, ಡ್ರೈವರ್ ಕಾಲಿಡುವ ತಗಡು, ವಿಂಡ್‌ಶೀಲ್ಡ್ ಫ್ರೇಮಿನ ಕೆಳ ಅಂಚು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ ಎಂದು ಪುಡಿ ಉದುರಿಸುತ್ತದೆ. ಅಯಸ್ಕಾಂತ ಅಂಟದ ಕಡೆ ಪುಟ್ಟಿ ಮೆತ್ತಿದ್ದಾರೆ. ಕೆಳಗಡೆಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಖುಷಿಪಡಬೇಡಿ, ಮಾರುವ ಹಿಂದಿನ ವಾರ ತುಕ್ಕಿನ ಮೇಲೇ ಬಳಿದಿರುವ ಸಾಧ್ಯತೆ ಹೆಚ್ಚು.

ಮುಂದಿನ ಚಕ್ರದ ಒಳಬದಿಗೆ ಟಾರ್ಚ್ ಹಿಡಿಯಿರಿ. ಜಿಪ್ಸಿಯ ಮುಂದಿನ ಆಕ್ಸಲ್ ತುದಿಯಲ್ಲಿ ಗೋಳದಂಥ ನಕಲ್ (knuckle), ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲು, ಇರುತ್ತದೆ. ಅದರ ಮೇಲೆ ಗ್ರೀಸಿಗೆ ಆಯಿಲ್ ಬೆರೆತು ಜಿನುಗಿ ಮಣ್ಣು ಮೆತ್ತಿಕೊಂಡಿದ್ದರೆ ಒಳಗಿನ ಸೀಲು ಹೋಗಿದೆ. ಸೀಲು ಅಗ್ಗ, ಕೂಲಿ ಜಾಸ್ತಿ, ಬಿಚ್ಚಿದ ಮೇಲೆ ಕಿಂಗ್‌ಪಿನ್ ಬೇರಿಂಗ್ ಕೂಡ ಸವೆದದ್ದು ಕಾಣುತ್ತದೆ. ಇದೇ ಬೇರಿಂಗು ಮತ್ತು ಟೈರಾಡ್ ಎಂಡ್ ಸವೆದ ಗಾಡಿ 50–60ರ ವೇಗದಲ್ಲಿ ಒಂದು ಗುಂಡಿ ಹಾರಿದರೆ ಸ್ಟೀರಿಂಗ್ ಗಡಗಡ ಅಲ್ಲಾಡುತ್ತದೆ. ಬರೀ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಇದನ್ನು ಮುಚ್ಚಿಹಾಕಿ ಮಾರುವವರಿದ್ದಾರೆ.

ಥಾರ್‌ನಲ್ಲಿ ಮುಂದಿನ ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳನ್ನು ನೋಡಿ. ಹರಿದು ಗ್ರೀಸು ಚೆಲ್ಲಿದ್ದರೆ ಒಳಗೆ ಮರಳು ಹೋಗಿ ಜಾಯಿಂಟು ತಿಂದಿರುತ್ತದೆ. ಎಲ್ಲ ಗಾಡಿಗಳಲ್ಲೂ ಪ್ರೊಪೆಲ್ಲರ್ ಶಾಫ್ಟನ್ನು, ಅಂದರೆ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ದಂಡವನ್ನು, ಕೈಯಲ್ಲಿ ಹಿಡಿದು ತಿರುಚಿ. ಟಕ್ ಟಕ್ ಎಂದರೆ ಅದರ ತುದಿಯ ಕೀಲು, ಯುಜೆ ಕ್ರಾಸ್, ಸವೆದಿದೆ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ, ಬೇರೆಯಾಗಿ ತೂಗುತ್ತದೆ. ಹಾಗಾಗಿ ಅದಕ್ಕೆ ಮೂರು ಶಾಫ್ಟು. ಮೂರನ್ನೂ ತಿರುಚಿ ನೋಡಿ, ಪೆಟ್ಟಿಗೆ ತೂಗುವ ರಬ್ಬರ್ ಮೌಂಟು ಹರಿದಿದೆಯೇ ಎಂದೂ ನೋಡಿ.

ಮಾರುವವರು ಒಪ್ಪಿದರೆ ಡಿಫರೆನ್ಷಿಯಲ್ ಹೌಸಿಂಗಿನ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಸಿ ಬೆರಳು ಅದ್ದಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹೊಳೆಗಿಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಬ್ರೀದರ್ ಪೈಪಿನಿಂದಲೋ ಸೀಲಿನಿಂದಲೋ ನೀರನ್ನು ಒಳಗೆಳೆಯುತ್ತದೆ.

ಟಯರು ನಾಲ್ಕೂ ಒಂದೇ ಸೈಜು, ಹೆಚ್ಚೂಕಡಿಮೆ ಒಂದೇ ಸವೆತ ಇರಬೇಕು. ಪಾರ್ಟ್ ಟೈಮ್ ಗಾಡಿಯಲ್ಲಿ ಮುಂದೊಂದು ಹಿಂದೊಂದು ಸೈಜು ಇದ್ದರೆ ಫೋರ್‌ವೀಲ್ ಹಾಕಿದಾಗಲೆಲ್ಲ ಟ್ರಾನ್ಸ್‌ಫರ್ ಕೇಸ್ ಹಿಂಸೆ ಅನುಭವಿಸುತ್ತದೆ. ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರದ್ದು. ಕಂಪನಿಯದಕ್ಕಿಂತ ತುಂಬಾ ದೊಡ್ಡ ಟಯರು ಹಾಕಿದ್ದರೆ ಆಕ್ಸಲ್ ಜಾಯಿಂಟಿಗೂ ಬ್ರೇಕಿಗೂ ಹೊರೆ ಬಿದ್ದಿದೆ. ಮೀಟರು ಕೂಡ ನಿಜಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸಿರುತ್ತದೆ.

ಅಂದಹಾಗೆ, ಈ ಗಾಡಿಗಳಲ್ಲಿ ಮೀಟರು ನೋಡಿ ಮರುಳಾಗಬೇಡಿ. ತೋಟದೊಳಗೆ ಫಸ್ಟ್ ಗೇರಿನಲ್ಲಿ ಓಡಿದ 40,000 ಕಿ.ಮೀ. ಹೆದ್ದಾರಿಯ ಲಕ್ಷಕ್ಕಿಂತ ಹೆಚ್ಚು ಎಂಜಿನ್ ತಿಂದಿರಬಹುದು. ಮಾಂದಲಪಟ್ಟಿಯಂಥ ಕಡೆ ದಿನಾ ಪ್ರವಾಸಿಗರನ್ನು ಹತ್ತಿಸಿದ ಜೀಪಿನ ಕ್ಲಚ್ಚು, ಸ್ಪ್ರಿಂಗ್‌ಗಳ ಪಾಡೂ ಅದೇ.

5. ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ

ಬೆಳಿಗ್ಗೆ ಹೋಗಿ, ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಎನ್ನಿ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಡೀಸೆಲ್‌ನಲ್ಲಿ ಚಳಿಗೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ತೊಂದರೆಯಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ಬಿಚ್ಚಿ, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಕುಣಿದರೆ ಸರಿ. ಭುಸಭುಸ ಹೊಗೆ ಬಂದು ಕ್ಯಾಪ್ ಎಗರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

6. ಫೋರ್‌ವೀಲ್ ಕೆಲಸ ಮಾಡುತ್ತದೆಯೇ?

"ಹಾಕೇ ಇಲ್ಲ ಸಾರ್, ಹೊಸದರಂತೆ ಇದೆ" ಎಂಬ ಮಾತಿಗೆ ಹೆದರಿ. ವರ್ಷಗಟ್ಟಲೆ ಹಾಕದ ಟ್ರಾನ್ಸ್‌ಫರ್ ಕೇಸ್‌ನ ಲಿವರ್ ಬಿಗಿದಿರುತ್ತದೆ, ಮುಂದಿನ ಸೀಲುಗಳು ಒಣಗಿರುತ್ತವೆ. ಪರೀಕ್ಷೆ ಮಣ್ಣಿನ ಅಥವಾ ಜಲ್ಲಿಯ ರಸ್ತೆಯಲ್ಲೇ ಆಗಬೇಕು.

ಮೊದಲು ಜಿಪ್ಸಿಯ ಮುಂದಿನ ಹಬ್‌ಗಳನ್ನು ಕೈಯಿಂದ ಲಾಕ್‌ಗೆ ತಿರುಗಿಸಿ. ಚಕ್ರವನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಈ ಫ್ರೀವೀಲ್ ಹಬ್ ಬಿಟ್ಟಿದ್ದರೆ ಲಿವರ್ ಎಷ್ಟು ಎಳೆದರೂ ಮುಂದಿನ ಚಕ್ರಕ್ಕೆ ಶಕ್ತಿ ಹೋಗದು. ನಿಂತು 4ಎಚ್ (ಮಾಮೂಲು ಗೇರಿನಲ್ಲಿ ಫೋರ್‌ವೀಲ್) ಹಾಕಿ ನೇರವಾಗಿ ನೂರು ಮೀಟರ್ ಹೋಗಿ. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ: ಗಾಡಿ ತಡೆದು ತಡೆದು ಹೋಗುವಂತಾದರೆ ಫೋರ್‌ವೀಲ್ ಕೂತಿದೆ. ಚಕ್ರದ ಕಡೆಯಿಂದ ಕಟಕಟ ಸದ್ದು ಬಂದರೆ ಜಾಯಿಂಟು ಹೋಗಿದೆ. ನಿಂತು, ನ್ಯೂಟ್ರಲ್ ಮಾಡಿ 4ಎಲ್ (ಲೋ ರೇಂಜ್ ಫೋರ್‌ವೀಲ್) ಹಾಕಿ ಏರು ಹತ್ತಿಸಿ. ಆಮೇಲೆ ಇಳಿಜಾರಿನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಬಿಡಿ. ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಲೇಬೇಕು. ತೋಟದ ಇಳುಕಲಿನಲ್ಲಿ ಎಂಜಿನ್ ಬ್ರೇಕ್ ಕೈಬಿಟ್ಟರೆ ಗಾಡಿ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಮತ್ತೆ 2ಎಚ್‌ಗೆ (ಬರೀ ಹಿಂದಿನ ಚಕ್ರದ ಡ್ರೈವ್‌ಗೆ) ತಂದಾಗ ಮುಂದಿನ ಡ್ರೈವ್ ಬಿಡುವುದೂ ಮುಖ್ಯ.

7. ಹೊಸ ಗಾಡಿಯಾದರೆ ಇವಿಷ್ಟು ಹೆಚ್ಚುವರಿ

ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್‌ಗಳಲ್ಲಿ ಡಿಪಿಎಫ್ ಇರುತ್ತದೆ, ಅಂದರೆ ಹೊಗೆಯ ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರ್. ಸುಡಲು ಎಂಜಿನ್ ಒಂದೇ ಸಮನೆ ಸ್ವಲ್ಪ ಹೊತ್ತು ಬಿಸಿಯಾಗಿ ಓಡಬೇಕು. ದಿನಾ ಎರಡು ಕಿಲೋಮೀಟರ್ ತೋಟ ಸುತ್ತುವ ಗಾಡಿಯಲ್ಲಿ ಇದು ಕಟ್ಟಿಕೊಳ್ಳುತ್ತದೆ. ನಿಮ್ಮ ಬಳಕೆಯೂ ಹಾಗೇ ಇದ್ದರೆ ಪೆಟ್ರೋಲ್ ಥಾರ್ ಅಥವಾ ಜಿಮ್ನಿ ನೋಡಿ. ಸ್ಕ್ಯಾನರ್ ಹಾಕಿಸಿ ಹಳೇ ದೋಷಗಳ ಪಟ್ಟಿ ತೆಗೆಸಿ, ಕಂಪನಿಯ ಸರ್ವಿಸ್ ಹಿಸ್ಟರಿ ಕೇಳಿ.

ಹೊಳೆಯಲ್ಲೋ ನೆರೆಯಲ್ಲೋ ಮುಳುಗಿದ ಗಾಡಿ ಪತ್ತೆಗೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮೇಲಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಗಳ ತುಕ್ಕೂ ಸಾಕ್ಷಿ ಹೇಳುತ್ತದೆ. ಥಾರ್‌ನ ಹಿಂದಿನ ಮೆಕ್ಯಾನಿಕಲ್ ಲಾಕ್ ಎಲ್ಲ ವೇರಿಯಂಟಿನಲ್ಲೂ ಇಲ್ಲ. ನೀವು ನೋಡುತ್ತಿರುವುದರಲ್ಲಿ ಇದೆಯೇ ಎಂದು ಕೇಳಿ.

8. ದುಡ್ಡು ಕೊಡುವಾಗ

ಹಳೇ ಗಾಡಿಗೆ ಬೆಲೆಯ ಕಾಲುಭಾಗದಷ್ಟು ದುಡ್ಡು ರಿಪೇರಿಗೆಂದು ಬದಿಗಿಟ್ಟು, ಉಳಿದದ್ದರಲ್ಲಿ ಗಾಡಿ ಹುಡುಕಿ. ಹೊಸದಕ್ಕೆ ಟಯರು, ಬ್ರೇಕಿನಷ್ಟು ಸಾಕು. ಓನರ್ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ ಆಗಲಿ; ಸಾಲ ತೀರಿದ್ದರೆ ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರಲಿ. ತೀರಾ ಹಳೇ ಗಾಡಿಗೆ ಹಲವು ಇನ್ಶೂರೆನ್ಸ್ ಕಂಪನಿಗಳು ಥರ್ಡ್ ಪಾರ್ಟಿ ಬಿಟ್ಟು ಬೇರೇನೂ ಕೊಡುವುದಿಲ್ಲ. ಹೊಸ ಗಾಡಿಗೂ ಎಂಜಿನ್ ಪ್ರೊಟೆಕ್ಷನ್ ಸೇರಿಸಿ. ಸಾಮಾನ್ಯ ಪಾಲಿಸಿಯಲ್ಲಿ ನೀರು ಎಳೆದು ಕೆಟ್ಟ ಎಂಜಿನ್‌ಗೆ ಪರಿಹಾರ ಸಿಗುವುದು ಕಷ್ಟ.

9. ಮನೆಗೆ ತಂದ ವಾರದಲ್ಲೇ

ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಹೀಗೆ ಐದೂ ಕಡೆಯ ಆಯಿಲ್ ಬದಲಿಸಿ. ಕೆಳಗಿನ ಡ್ರೇನ್ ಪ್ಲಗ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದೇ ಹೋದರೆ, ಖಾಲಿ ಮಾಡಿದ ಹೌಸಿಂಗಿಗೆ ಆಯಿಲ್ ತುಂಬಲು ದಾರಿಯೇ ಇರುವುದಿಲ್ಲ. ಜಿಪ್ಸಿಯ ಮುಂದಿನ ಹೌಸಿಂಗಿಗೆ ಸುಮಾರು 2 ಲೀಟರ್, ಹಿಂದಿನದಕ್ಕೆ 1.5, ಟ್ರಾನ್ಸ್‌ಫರ್ ಕೇಸ್‌ಗೆ ಒಂದು ಲೀಟರಿಗೂ ಕಡಿಮೆ ಹಿಡಿಯುತ್ತದೆ. ಫಿಲ್ಲರ್ ತೂತಿನ ಅಂಚಿಗೆ ಬಂದರೆ ಸಾಕು. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಹೈಪಾಯ್ಡ್ ಆಯಿಲ್ ಬೇಕು. ಅದೇ ಡಬ್ಬಿಯನ್ನು ಗೇರ್‌ಬಾಕ್ಸಿಗೂ ಸುರಿಯಲು ಬಿಡಬೇಡಿ. ಅಲ್ಲಿಗೆ ಕೈಪಿಡಿಯಲ್ಲಿ ಹೇಳಿದ್ದೇ ಬೇಕು, ಸಾಮಾನ್ಯವಾಗಿ ಜಿಎಲ್-4. ಪ್ರೊಪೆಲ್ಲರ್ ಶಾಫ್ಟಿನ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಿಡಿಯುವುದನ್ನು ಪ್ರತಿ ಸಲ ಹೊಳೆ ದಾಟಿದ ಮೇಲೂ ಮಾಡಿ.

ಗಾಡಿ ಹಳೇದಿರಲಿ ಹೊಸದಿರಲಿ, ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ 4ಎಚ್ ಹಾಕಿ ಐದಾರು ಕಿಲೋಮೀಟರ್ ಓಡಿಸಿ, 4ಎಲ್‌ಗೂ ಒಮ್ಮೆ ಹಾಕಿ ತೆಗೆಯಿರಿ.